ಡ್ಯಾಮ್ ತುಂಬಿದರೆ ಪಂಪ್ಡ್ ಸ್ಟೋರೇಜ್‌ನಿಂದ ಹೆಚ್ಚು ಕರೆಂಟ್ ಸಿಗುತ್ತದೆಯೇ?

ಮುಂಗಾರು ಜೋರಾದರೆ ಹಾಸನ ಜಿಲ್ಲೆಯ ವಾಟ್ಸಾಪ್ ಗುಂಪುಗಳಲ್ಲಿ ಗೊರೂರಿನ ಹೇಮಾವತಿ ಜಲಾಶಯದ ನೀರಿನ ಮಟ್ಟ ಹರಿದಾಡತೊಡಗುತ್ತದೆ. ಅದರ ಗರಿಷ್ಠ ಮಟ್ಟ 2,922 ಅಡಿ, ಸಾಮರ್ಥ್ಯ ಸುಮಾರು 37.1 ಟಿಎಂಸಿ. ಜೊತೆಗೆ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆಯೂ ಸೇರಿಕೊಂಡು ಹಲವು ಮಾತುಗಳು ಕಲಸುಮೇಲೋಗರವಾಗುತ್ತವೆ. ಅವುಗಳಲ್ಲಿ ಮೂರನ್ನು ಇಲ್ಲಿ ನೋಡೋಣ.

ಹೇಳಿಕೆ 1: ಭಾರಿ ಮಳೆಗೆ ಡ್ಯಾಮ್ ತುಂಬಿದರೆ ಪಂಪ್ಡ್ ಸ್ಟೋರೇಜ್‌ನಿಂದ ಬೇಕಾದಷ್ಟು ಕರೆಂಟ್

ಇದು ತಪ್ಪು. ಸಾಮಾನ್ಯ ಜಲವಿದ್ಯುತ್ ಕೇಂದ್ರಕ್ಕೆ ಈ ಮಾತು ಒಪ್ಪುತ್ತದೆ. ಲಿಂಗನಮಕ್ಕಿ ತುಂಬಿದರೆ ಶರಾವತಿ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಸಿಗುತ್ತದೆ. ಆದರೆ ಪಂಪ್ಡ್ ಸ್ಟೋರೇಜ್ ಹೊಸದಾಗಿ ಕರೆಂಟ್ ಹುಟ್ಟಿಸುವುದಿಲ್ಲ, ಇರುವ ಕರೆಂಟನ್ನು ಕೂಡಿಡುತ್ತದೆ. ಮನೆಯ ಯುಪಿಎಸ್ ಬ್ಯಾಟರಿಯ ಹಾಗೆ.

ಗುಡ್ಡದ ಮೇಲೊಂದು ಜಲಾಶಯ, ಕೆಳಗೊಂದು ಜಲಾಶಯ ಇರುತ್ತವೆ. ಮಧ್ಯಾಹ್ನ ಪಾವಗಡದಂಥ ಸೋಲಾರ್ ಪಾರ್ಕ್‌ಗಳ ವಿದ್ಯುತ್ ಹೆಚ್ಚಾಗಿ ಸಿಗುವಾಗ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡುತ್ತಾರೆ. ಸಂಜೆ ಸೂರ್ಯ ಮುಳುಗಿ ಮನೆಮನೆಯಲ್ಲೂ ದೀಪ, ಟಿವಿ ಉರಿಯುವ ಹೊತ್ತಿಗೆ ಅದೇ ನೀರನ್ನು ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುತ್ತಾರೆ. ಪಂಪ್‌ಗೆ 100 ಯೂನಿಟ್ ಖರ್ಚಾದರೆ ವಾಪಸ್ ಸಿಗುವುದು ಸುಮಾರು 75ರಿಂದ 80 ಯೂನಿಟ್. ಉಳಿದದ್ದು ನಷ್ಟ.

ಮಳೆಯ ನೀರು ಬೇಕಾಗುವುದು ಮುಖ್ಯವಾಗಿ ಮೊದಲ ಬಾರಿ ತುಂಬಿಸಲು, ಆಮೇಲೆ ಆವಿಯಾಗಿ, ಇಂಗಿ ಹೋದದ್ದನ್ನು ಸರಿದೂಗಿಸಲು. ಮೇಲಿನ ಜಲಾಶಯ ಮಳೆಗೇ ಅಂಚಿನವರೆಗೆ ತುಂಬಿದ್ದರೆ ಪಂಪ್ ಮಾಡಲು ಜಾಗವೇ ಇರುವುದಿಲ್ಲ!

ಹೇಳಿಕೆ 2: ಈ ಯೋಜನೆ ನದಿಯ ನೀರನ್ನೆಲ್ಲ ಕುಡಿದುಬಿಡುತ್ತದೆ

ಇದೂ ಸರಿಯಲ್ಲ. ಕರ್ನಾಟಕ ವಿದ್ಯುತ್ ನಿಗಮದ ಶರಾವತಿ ಯೋಜನೆ 2,000 ಮೆಗಾವ್ಯಾಟ್‌ನದು. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ಎರಡೂ ಈಗಾಗಲೇ ಇರುವ ಜಲಾಶಯಗಳು. ಇದಕ್ಕೆ ಬೇಕಾದ ನೀರು ಸುಮಾರು 0.37 ಟಿಎಂಸಿ, ಅಂದರೆ ಹೇಮಾವತಿ ಜಲಾಶಯದ ಸಾಮರ್ಥ್ಯದ ನೂರನೇ ಒಂದು ಭಾಗ. ಅದೇ ನೀರು ಮತ್ತೆ ಮತ್ತೆ ಮೇಲೆ ಕೆಳಗೆ ಓಡಾಡುತ್ತದೆ.

ಇಷ್ಟು ಕಡಿಮೆ ನೀರು ಸಾಕಾಗುವುದು ಎತ್ತರದ ಕಾರಣಕ್ಕೆ. ಸಾವಿರ ಲೀಟರ್ ಟ್ಯಾಂಕಿನ ನೀರು 100 ಮೀಟರ್ ಕೆಳಗಿಳಿದರೆ ಸುಮಾರು ಕಾಲು ಯೂನಿಟ್ ಸಿಗುತ್ತದೆ. ತಲಕಳಲೆ ಮತ್ತು ಗೇರುಸೊಪ್ಪ ನಡುವಿನ ಅಂತರ 400 ಮೀಟರ್‌ಗೂ ಹೆಚ್ಚು.

ಹಾಗೆಂದು ಯೋಜನೆಯ ಬಗ್ಗೆ ಆಕ್ಷೇಪವೇ ಇಲ್ಲ ಎಂದಲ್ಲ. ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಕಾಡಿನಲ್ಲಿದೆ. ಮರ ಕಡಿಯುವುದು, ಸುರಂಗ ಕೊರೆಯುವುದು, ಭೂಕುಸಿತದ ಭಯ, ಇವು ನಿಜವಾದ ಪ್ರಶ್ನೆಗಳು. ಚರ್ಚೆ ಅವುಗಳ ಮೇಲೆ ನಡೆಯಬೇಕು.

ಹೇಳಿಕೆ 3: ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲ, ಬೆಳೆ ಬರುವುದಿಲ್ಲ

ಇದು ಹಳೆಯ ನಂಬಿಕೆ, ಆಧಾರವಿಲ್ಲ. ಟರ್ಬೈನ್ ತೆಗೆದುಕೊಳ್ಳುವುದು ನೀರು ಬೀಳುವ ರಭಸವನ್ನು ಮಾತ್ರ. ನೀರಿನಲ್ಲಿ ಕರಗಿರುವ ಲವಣಗಳು ಹಾಗೆಯೇ ಉಳಿಯುತ್ತವೆ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿದೆ. ಅಲ್ಲಿಂದ ಇಳಿದ ಕಾವೇರಿ ನೀರಿನಲ್ಲೇ ತಂಜಾವೂರಿನ ಗದ್ದೆಗಳು ಬೆಳೆಯುತ್ತಿವೆ.

ಹಾಸನದವರು ಗಮನಿಸಬೇಕಾದ್ದು

ಹೇಮಾವತಿ ಜಲಾಶಯ ಪಂಪ್ಡ್ ಸ್ಟೋರೇಜ್ ಅಲ್ಲ. ಅದು ಮುಖ್ಯವಾಗಿ ನೀರಾವರಿ ಮತ್ತು ಕುಡಿಯುವ ನೀರಿಗಾಗಿ ಇದೆ. ಅದು ತುಂಬಿತು ಎಂದರೆ ನಾಲೆಗಳಿಗೆ ನೀರು ಸಿಗುವ ಭರವಸೆ ಹೆಚ್ಚಿತು ಎಂದರ್ಥವೇ ಹೊರತು, ಕರೆಂಟ್ ಕಟ್ ನಿಲ್ಲುತ್ತದೆ ಎಂದಲ್ಲ. ಹೊಳೆನರಸೀಪುರದಂಥ ನದಿದಡದ ಊರಿನವರಿಗೆ ಡ್ಯಾಮ್ ತುಂಬಿದ ಸುದ್ದಿಗಿಂತ ಹೊರಹರಿವು ಎಷ್ಟು ಕ್ಯೂಸೆಕ್ ಎಂಬುದು ಮುಖ್ಯ. ಅಂಥ ಮೆಸೇಜ್ ಬಂದರೆ ದಿನಾಂಕ, ಒಳಹರಿವು, ಹೊರಹರಿವು ಮೂರೂ ಇವೆಯೇ ನೋಡಿ. ಹಳೆಯ ವರ್ಷದ ವಿಡಿಯೋ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ.