ಚೊಂಬಿನ ವಿನ್ಯಾಸ: ಕರ್ತೃವಿಲ್ಲದ ಕೃತಿಯೆ?

ಭಾರತ ಸರ್ಕಾರದ ಆಹ್ವಾನದ ಮೇರೆಗೆ ಈ ದೇಶದಲ್ಲಿ ಸಂಚರಿಸಿದ ಅಮೆರಿಕೆಯ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಅವರು 1958ರ ಏಪ್ರಿಲ್‌ನಲ್ಲಿ ತಮ್ಮ ವರದಿಯನ್ನು ಸಲ್ಲಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪನೆಗೊಳ್ಳಲು ಅದು ತಳಹದಿಯಾಯಿತು. ತಾವು ಇಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಅಗ್ರಸ್ಥಾನವನ್ನು ಕೊಟ್ಟದ್ದು ಲೋಟಾಕ್ಕೆ. ಎಂದರೆ, ಕನ್ನಡಿಗರು ಚೊಂಬು ಅಥವಾ ತಂಬಿಗೆ ಎಂದು ಕರೆಯುವ ನೀರಿನ ಪಾತ್ರೆಗೆ.

ಅಂಥ ಪಾತ್ರೆಯನ್ನು ಹೊಸದಾಗಿ ರೂಪಿಸಬೇಕಾದರೆ ಯಾವ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದನ್ನು ವರದಿಯು ಪಟ್ಟಿ ಮಾಡುತ್ತದೆ. ಹಿಡಿಸಬೇಕಾದ ನೀರಿನ ಪ್ರಮಾಣ, ಹೊರುವವರ ಕೈಯ ಬಲ, ತುಂಬಿದಾಗಲೂ ಬರಿದಾದಾಗಲೂ ಇರಬೇಕಾದ ಸಮತೋಲ, ಸುರಿಯುವ ಮತ್ತು ತೊಳೆಯುವ ಅನುಕೂಲ, ಬೆಲೆ, ಹಳೆಯದಾದ ಮೇಲೆ ಲೋಹಕ್ಕೆ ಉಳಿಯುವ ಮೌಲ್ಯ, ತಟ್ಟಿದಾಗ ಹೊಮ್ಮುವ ನಾದ ಇವೆಲ್ಲವೂ ಅಲ್ಲಿವೆ. ಯಾವನೊಬ್ಬನೂ ಇದನ್ನು ರೂಪಿಸಿರಲಾರನು, ಇದು ತಲೆಮಾರುಗಳ ಕೆಲಸ ಎಂಬುದು ಅವರ ನಿರ್ಣಯ. ಆದರೆ ಆ ತಲೆಮಾರುಗಳು ಕೆಲಸ ಮಾಡಿದ ಬಗೆ ಯಾವುದು ಎಂಬುದು ಇತಿಹಾಸದ ಪ್ರಶ್ನೆ.

ಈ ಆಕೃತಿಯ ಪ್ರಾಚೀನತೆ ನಿರ್ವಿವಾದ. 1857ರಲ್ಲಿ ಕುಲು ಪ್ರದೇಶದಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಲೋಹದ ಲೋಟಾ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಭಾಷೆಯೂ ಒಂದು ಸಾಕ್ಷ್ಯವನ್ನು ಒದಗಿಸುತ್ತದೆ. ತಮಿಳಿನ ‘ಸೆಂಬು’ ಎಂಬ ಶಬ್ದಕ್ಕೆ ತಾಮ್ರವೆಂದೂ ನೀರಿನ ಪಾತ್ರೆಯೆಂದೂ ಅರ್ಥವಿದೆ. ಕನ್ನಡದ ‘ಚೆಂಬು’, ‘ಚೊಂಬು’ ಅದರ ಜ್ಞಾತಿರೂಪಗಳು. ಪಾತ್ರೆಯು ಉಕ್ಕಿನದಾದರೂ ಹೆಸರಿನಲ್ಲಿ ತಾಮ್ರ ಉಳಿದಿದೆ.

ಚೊಂಬಿನ ಪ್ರತಿಯೊಂದು ಅಂಗವೂ ಎರಡು ಅಗತ್ಯಗಳ ನಡುವಣ ಒಪ್ಪಂದವಾಗಿದೆ. ಕೊರಳು ಕಿರಿದಾದಷ್ಟೂ ಹಿಡಿತ ಭದ್ರ, ಬಾವಿಯ ಹಗ್ಗ ಜಾರದು, ನೀರು ತುಳುಕದು. ಆದರೆ ಕೈ ಒಳಹೋಗದಿದ್ದರೆ ಬೆಳಗುವುದು ಕಷ್ಟ. ಹೊರಚಾಚಿದ ಅಂಚು ಬೆರಳಿಗೆ ಆಧಾರ. ಮೂಲೆಗಳಿಲ್ಲದ ಹೊಟ್ಟೆಯಲ್ಲಿ ಕೊಳೆ ನಿಲ್ಲದು. ಈ ಒಪ್ಪಂದಗಳು ಹೇಗೆ ಕುದುರಿದವು? ತಗ್ಗುಬಿದ್ದ ಚೊಂಬು ಕಂಚುಗಾರನ ಬಳಿಗೆ ಮರಳುತ್ತಿತ್ತು. ಕಲಾಯಿ ಹೋದರೆ ಮತ್ತೆ ಹಾಕಿಸಬೇಕಾಗಿತ್ತು. ತೀರ ಸವೆದದ್ದನ್ನು ತೂಕಕ್ಕೆ ಕೊಟ್ಟು ಹೊಸದನ್ನು ಕೊಳ್ಳುತ್ತಿದ್ದರು. ಹೀಗೆ ಮರಳಿದ ಪಾತ್ರೆಯೇ ತಯಾರಕನಿಗೆ ತನ್ನ ಕೆಲಸದ ದೋಷವನ್ನು ತೋರಿಸುತ್ತಿತ್ತು. ನೀರು ಹೊತ್ತ ಹೆಂಗಸರ ಅನುಭವವೂ ಆ ದಾರಿಯಿಂದಲೇ ಸುತ್ತಿಗೆಯನ್ನು ತಲುಪಿರಬೇಕು. ಆದಕಾರಣ ಚೊಂಬಿಗೆ ಕರ್ತೃಗಳಿಲ್ಲವೆನ್ನುವುದಕ್ಕಿಂತ, ಅವರ ಹೆಸರುಗಳು ದಾಖಲಾಗಿಲ್ಲವೆನ್ನುವುದು ಯುಕ್ತ.

ಹೆಸರು ಉಳಿದಿರುವಲ್ಲಿಯೂ ಅದಕ್ಕೆ ಕಾರಣ ಬೇರೆಯೇ. ಹರಿಹರನು ‘ಕುಂಬಾರ ಗುಂಡಯ್ಯನ ರಗಳೆ’ಯಲ್ಲಿ ಮಣ್ಣಿನ ಪಾತ್ರೆಯ ಕುಶಲಿಯೊಬ್ಬನನ್ನು ಕಥಾನಾಯಕನನ್ನಾಗಿ ಮಾಡಿದನು. ಗುಂಡಯ್ಯನು ಮಡಕೆಯನ್ನು ಬಾರಿಸುತ್ತ ಕುಣಿಯುತ್ತಾನೆ, ಶಿವನೂ ಅವನೊಡನೆ ನರ್ತಿಸುತ್ತಾನೆ. ಮಡಕೆಯನ್ನು ತಟ್ಟಿ ಕೇಳುವುದು ಬಿರುಕನ್ನು ಪತ್ತೆಹಚ್ಚುವ ಪರೀಕ್ಷೆಯೂ ಹೌದು. ಕುಶಲಿಯ ಕಿವಿಗೆ ಪರಿಚಿತವಾದ ಆ ನಾದವನ್ನೇ ಕವಿಯು ಭಕ್ತಿಯ ತಾಳವಾಗಿಸಿದ್ದಾನೆ. ಈಮ್ಸ್ ದಂಪತಿಗಳ ಪಟ್ಟಿಯಲ್ಲಿಯೂ ಅದೇ ನಾದವಿದೆ. ಆದರೂ ಗುಂಡಯ್ಯನು ನಮಗೆ ಉಳಿದದ್ದು ಶರಣನೆಂದೇ ಹೊರತು ಮಡಕೆಯ ರೂಪಕಾರನೆಂದಲ್ಲ.

ಪಂಜಾಬಿನ ಜಂಡಿಯಾಲಾ ಗುರುವಿನ ಠಠೇರಾ ಕುಶಲಿಗಳ ಹಿತ್ತಾಳೆ-ತಾಮ್ರದ ಕಸುಬು 2014ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಇದು ಸ್ವಾಗತಾರ್ಹ. ಆದರೆ ಇಂದಿನ ಸ್ಟೀಲ್ ಚೊಂಬು ಕೆಟ್ಟರೆ ಅದನ್ನು ಮಾಡಿದವನ ಬಳಿಗೆ ಹೋಗದೆ ಗುಜರಿಯನ್ನು ಸೇರುತ್ತದೆ. ಹಳೆಯ ಆಕೃತಿ ಉಳಿದಿದೆ. ಅದನ್ನು ತಿದ್ದುತ್ತ ಬಂದ ಸಂಬಂಧ ಕಡಿದಿದೆ. ಕಸುಬಿನ ಚರಿತ್ರೆಯನ್ನು ಬರೆಯುವವರು ಪಾತ್ರೆಗಳೊಡನೆ ಈ ಸಂಬಂಧವನ್ನೂ ದಾಖಲಿಸಬೇಕಾಗಿದೆ.