ಎಣ್ಣೆ ಮೆತ್ತಿದ ತೀರಕ್ಕೆ ಪಾಚಿಯ ಹೊದಿಕೆ

ದೇವಸ್ಥಾನದ ಕಲ್ಯಾಣಿಯಲ್ಲಿ ಪಾಚಿ ಕಟ್ಟಿದರೆ ನೀರು ಕೆಟ್ಟಿತೆಂದೇ ಜನರ ಎಣಿಕೆ. ಮೆಟ್ಟಿಲ ಮೇಲೆ ಕಾಲು ಜಾರಿಸುವ ಆ ಹಸಿರು ಲೋಳೆಯನ್ನು ಉಜ್ಜಿ ತೆಗೆಯುವುದು ರೂಢಿ. ಆದರೆ 1991ರ ಕೊಲ್ಲಿ ಯುದ್ಧದ ಬಳಿಕ ತೈಲ ಮೆತ್ತಿದ ಅರಬ್ ತೀರದ ಮೇಲೆ ಪಾಚಿ ಹರಡಿದಾಗ ಕೆಲವು ವಿಜ್ಞಾನಿಗಳು ಅದನ್ನು ಶುಭಸೂಚನೆಯೆಂದೇ ಬಗೆದರು. ಆ ಭರವಸೆ ಹುಟ್ಟಿದ ಬಗೆ, ಅದು ತಿದ್ದಿಕೊಂಡ ಬಗೆ ಎರಡೂ ತಿಳಿಯಬೇಕಾದ ಸಂಗತಿಗಳೇ.

ಸಮುದ್ರಕ್ಕೆ ಚೆಲ್ಲಿದ ತೈಲದ ಬಗ್ಗೆ ಜಗತ್ತು ಮೊದಲು ಬೆಚ್ಚಿದ್ದು 1967ರಲ್ಲಿ. ಆ ವರ್ಷ ಮಾರ್ಚ್ 18ರಂದು ‘ಟೋರಿ ಕ್ಯಾನ್ಯನ್’ ಎಂಬ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ಬಂಡೆಗೆ ಬಡಿಯಿತು. ಅದರಲ್ಲಿದ್ದದ್ದು ಒಂದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ. ಅದನ್ನು ಚದುರಿಸಲು ಸುಮಾರು 10,000 ಟನ್ ಮಾರ್ಜಕಗಳನ್ನು ಸುರಿಯಲಾಯಿತು. ತೈಲಕ್ಕಿಂತ ಹೆಚ್ಚಾಗಿ ಈ ಮಾರ್ಜಕಗಳೇ ತೀರದ ಚಿಪ್ಪುಜೀವಿಗಳನ್ನು ಕೊಂದವು. ಮಾರ್ಜಕ ಬೀಳದ ಬಂಡೆಗಳು ಬೇಗ ಚೇತರಿಸಿಕೊಂಡವು. ಮದ್ದೇ ರೋಗಕ್ಕಿಂತ ಕೆಟ್ಟದಾಗಿತ್ತು.

ನಿಸರ್ಗದಲ್ಲೇ ಮದ್ದಿದೆಯೇ ಎಂಬ ಹುಡುಕಾಟಕ್ಕೆ ಇದರಿಂದ ಬಲ ಬಂದಿತು. ಹೈಡ್ರೋಕಾರ್ಬನ್‌ಗಳನ್ನು ಸೂಕ್ಷ್ಮಜೀವಿಗಳು ಒಡೆಯಬಲ್ಲವೆಂಬುದನ್ನು ಅಮೆರಿಕದ ಕ್ಲಾಡ್ ಝೋಬೆಲ್ 1946ರಲ್ಲೇ ವಿವರವಾಗಿ ಬರೆದಿದ್ದರು. 1975ರಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ‘ಪ್ರೊಟೊಥೀಕಾ’ ಎಂಬ ಪಾಚಿ ತೈಲವನ್ನು ಒಡೆಯುವುದನ್ನು ತೋರಿಸಿಕೊಟ್ಟರು. ಪತ್ರಹರಿತ್ತು ಇಲ್ಲದ, ಬಣ್ಣಗೆಟ್ಟ ಪಾಚಿ ಅದು. ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಪಾಚಿಗಳೂ ನಾಫ್ತಲೀನ್‌ನಂಥ ವಸ್ತುವನ್ನು ಮಾರ್ಪಡಿಸಬಲ್ಲವೆಂಬುದು 1980ರ ಹೊತ್ತಿಗೆ ತಿಳಿಯಿತು.

ಅದೇ 1980ರಲ್ಲಿ ಬಂಗಾಳ ಮೂಲದ ಆನಂದಮೋಹನ ಚಕ್ರವರ್ತಿ ರೂಪಿಸಿದ ತೈಲಭಕ್ಷಕ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾನೂನಿನ ಚರಿತ್ರೆಯಲ್ಲಿ ಅದು ದೊಡ್ಡ ಘಟನೆ. ಆದರೆ ಆ ಜೀವಿ ಸಮುದ್ರದ ತೈಲ ತೊಳೆಯಲು ಇಳಿಯಲೇ ಇಲ್ಲ.

ನಿಜವಾದ ಪರೀಕ್ಷೆ ಎದುರಾದದ್ದು 1991ರ ಜನವರಿಯಲ್ಲಿ. ಕುವೈತಿನ ತೈಲನೆಲೆ ಹಾಗೂ ಹಡಗುಗಳಿಂದ ಕೊಲ್ಲಿಗೆ ಹರಿದ ತೈಲದ ಅಂದಾಜು 40 ಲಕ್ಷದಿಂದ 1.1 ಕೋಟಿ ಬ್ಯಾರೆಲ್‌ವರೆಗಿದೆ. ಸೌದಿ ಅರೇಬಿಯಾದ 600 ಕಿ.ಮೀ.ಗೂ ಹೆಚ್ಚು ತೀರ ಕಪ್ಪಾಯಿತು. ಏಡಿ, ಬಸವನಹುಳುಗಳು ಸತ್ತವು. ಮೇಯುವವರಿಲ್ಲದ ಆ ನೆಲದಲ್ಲಿ ಡಾಂಬರಿನಂತೆ ಗಟ್ಟಿಯಾದ ತೈಲದ ಮೇಲೆ ನೀಲಿ-ಹಸಿರು ಪಾಚಿ ಚಾಪೆಯಂತೆ ಹಾಸಿಕೊಂಡಿತು. 1992ರಲ್ಲಿ ಕುವೈತ್ ವಿಶ್ವವಿದ್ಯಾಲಯದ ಸಂಶೋಧಕರು ಜರ್ಮನಿಯ ಸಹೋದ್ಯೋಗಿಯೊಡನೆ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಕೊಲ್ಲಿ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತಿದೆ ಎಂಬುದು ಅವರ ಮಾತಿನ ಸಾರ.

ಹಾಗಾದರೆ ತೈಲವನ್ನು ತಿಂದವರು ಯಾರು? ಪಾಚಿಯೇ ಎಂದು ಕೆಲವರು, ಅಲ್ಲವೆಂದು ಕೆಲವರು ವಾದಿಸಿದರು. 2005ರ ಸುಮಾರಿಗೆ ನಡೆದ ಪ್ರಯೋಗಗಳಲ್ಲಿ ಮುಖ್ಯ ಕೆಲಸ ಪಾಚಿಯ ಲೋಳೆಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳದ್ದೆಂದು ಕಂಡುಬಂದಿತು. ತೈಲ ಅರಗಿಸಲು ಅವಕ್ಕೆ ಆಮ್ಲಜನಕ ಬೇಕು. ಪಾಚಿ ಬಿಸಿಲಲ್ಲಿ ಅದನ್ನು ತಯಾರಿಸಿ ಕೊಡುತ್ತದೆ. ಬೆಳೆಯಲು ಸಾರಜನಕ ಬೇಕು. ತೈಲದಲ್ಲಿ ಅದು ತೀರಾ ಕಡಿಮೆ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಶಕ್ತಿ ಕೆಲವು ನೀಲಿ-ಹಸಿರು ಪಾಚಿಗಳಿಗಿದೆ. ಭತ್ತದ ಗದ್ದೆಗೆ ಅದನ್ನು ಗೊಬ್ಬರವಾಗಿ ಹಾಕುವುದು ಇದೇ ಕಾರಣಕ್ಕೆ. ಜತೆಗೆ ಆ ಲೋಳೆ ಬ್ಯಾಕ್ಟೀರಿಯಾಗಳು ಅಲೆಗೆ ಕೊಚ್ಚಿಹೋಗದಂತೆ ಕಾಯುತ್ತದೆ. ಪಾಚಿ ಉಣ್ಣುವ ಅತಿಥಿಯಲ್ಲ, ಉಣಬಡಿಸುವ ಮನೆಯೊಡೆಯ.

ಆದರೆ ಚಾಪೆಯ ಕೆಳಗೆ ಬೇರೆಯೇ ಕಥೆಯಿತ್ತು. ಏಡಿಗಳ ಬಿಲಗಳ ಮೂಲಕ ತೈಲ ಜೌಗುನೆಲದ ಆಳಕ್ಕೆ ಇಳಿದಿತ್ತು. ಅಲ್ಲಿ ಆಮ್ಲಜನಕವಿಲ್ಲ, ಬಿಸಿಲಿಲ್ಲ. ಹತ್ತು ವರ್ಷ ಕಳೆದ ಮೇಲೂ ಅಗೆದಲ್ಲಿ ತೈಲ ಸಿಕ್ಕಿತು. ದಪ್ಪನೆಯ ಪಾಚಿ ಪದರವೇ ನೆಲವನ್ನು ಮುಚ್ಚಿ, ಗಾಳಿ-ನೀರು ಒಳಗಿಳಿಯದಂತೆ, ಏಡಿಗಳು ಮತ್ತೆ ಬಿಲ ತೋಡದಂತೆ ತಡೆದ ಜಾಗಗಳೂ ಇದ್ದವು. ಮುಂದೆ ಯುದ್ಧಪರಿಹಾರದ ಹಣದಿಂದ ಅಂಥ ಕಡೆ ಕಾಲುವೆ ತೋಡಿ ಉಬ್ಬರದ ನೀರನ್ನು ಒಳಗೆ ಬಿಡಬೇಕಾಯಿತು. ಬಿಲ ತೋಡುವ ಏಡಿ ಮರಳಿ ಬಂದರೆ ಮಣ್ಣು ಮತ್ತೆ ಉಸಿರಾಡುತ್ತದೆ.

ಪಾಚಿಯನ್ನು ಬೆಳೆಸಿ ಎಣ್ಣೆ ಬೆರೆತ ತ್ಯಾಜ್ಯನೀರನ್ನು ತಿಳಿಗೊಳಿಸುವ ಪ್ರಯೋಗಗಳು ಇಂದು ಹಲವು ದೇಶಗಳಲ್ಲಿ ನಡೆದಿವೆ. ಬೆಳಕು, ಗಾಳಿ, ಆಳ ಹಿಡಿತದಲ್ಲಿರುವ ಕೊಳಗಳಲ್ಲಿ ಅದು ಸಾಧ್ಯವಾಗಬಹುದು. ತೆರೆದ ಕಡಲತೀರದ ಮಾತು ಬೇರೆ. ಅಲ್ಲಿ ಮೇಲೆ ಹಬ್ಬಿದ ಹಸಿರನ್ನು ನೋಡಿ ಗಾಯ ಮಾಯಿತೆಂದು ನಂಬುವ ಮೊದಲು ಒಂದು ಗುದ್ದಲಿ ಮಣ್ಣು ಅಗೆದು ನೋಡುವುದು ಒಳ್ಳೆಯದು.