೧೮೩೬ರ ನಿರೀಕ್ಷೆಯೂ ವುರ್ಟೆಂಬರ್ಗಿನ ಭಕ್ತಿಪಂಥವೂ

ಬೈಬಲಿನ ಪ್ರವಾದನೆಗಳನ್ನು ಗಣಿತಕ್ಕೆ ಒಳಪಡಿಸಿ ಯುಗಾಂತ್ಯದ ಕಾಲವನ್ನು ಗೊತ್ತುಮಾಡುವ ಪ್ರಯತ್ನವು ಕ್ರೈಸ್ತ ಸಮಾಜದಲ್ಲಿ ಬಹು ಪ್ರಾಚೀನವಾದುದು. ಅದರೊಡನೆಯೇ ಹುಟ್ಟಿದ ಇನ್ನೊಂದು ಪ್ರಶ್ನೆಯೂ ಅಷ್ಟೇ ಪ್ರಾಚೀನವಾದುದು: ಪ್ರಭುವಿನ ಆಗಮನವು ಸಮೀಪಿಸಿತೆಂದು ನಂಬಿದವನು ಹೊಲವನ್ನು ಉಳಬೇಕೆ, ಬೇಡವೆ? ಥೆಸಲೊನೀಕದ ಸಭೆಯವರಲ್ಲಿ ಕೆಲವರು ಈ ಕಾರಣದಿಂದಲೇ ದುಡಿಮೆಯನ್ನು ಬಿಟ್ಟು ಅಲೆಯುತ್ತಿದ್ದರೆಂದೂ, ಪೌಲನು ಅವರಿಗೆ ತಮ್ಮ ಕೈಯಿಂದ ದುಡಿದು ಉಣ್ಣಬೇಕೆಂದು ಬರೆದನೆಂದೂ ಪಂಡಿತರಲ್ಲಿ ಬಹುಮಂದಿಯ ಅಭಿಪ್ರಾಯವಾಗಿದೆ. ಪ್ರವಾದನೆಯ ವ್ಯಾಖ್ಯಾನವು ದಿನದ ಬಾಳಿನ ತೀರ್ಮಾನಗಳನ್ನು ಹೇಗೆ ತಿದ್ದಿತು, ಅಥವಾ ಹೇಗೆ ಕೆಡಿಸಿತು, ಎಂಬುದಕ್ಕೆ ಜರ್ಮನಿಯ ನೈರುತ್ಯಭಾಗದ ವುರ್ಟೆಂಬರ್ಗ್ ಸೀಮೆಯ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನವು ದೊರೆಯುವುದು ವಿರಳ. ಮಂಗಳೂರಿನ ಬಾಸೆಲ್ ಮಿಶನಿನ ಮೊದಲ ತಲೆಮಾರಿನವರಲ್ಲಿ ಅನೇಕರು ಆ ಸೀಮೆಯವರೇ ಆದುದರಿಂದ ಕನ್ನಡಿಗರಿಗೂ ಈ ವಿಷಯವು ತೀರ ಹೊರಗಿನದಲ್ಲ.

ಈ ಚರಿತ್ರೆಯ ಮೂಲಪುರುಷನು ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್. ೧೬೮೭ರಲ್ಲಿ ವಿನ್ನೆಂಡನ್ ಎಂಬಲ್ಲಿ ಹುಟ್ಟಿದ ಈತನು ೧೭೧೩ರಿಂದ ೧೭೪೧ರ ವರೆಗೆ ಡೆಂಕೆಂಡಾರ್ಫಿನ ಮಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಅನೇಕ ಹಸ್ತಪ್ರತಿಗಳೊಡನೆ ಹೋಲಿಸಿ ೧೭೩೪ರಲ್ಲಿ ಪ್ರಕಟಿಸಿದನು. ಪ್ರತಿಗಳನ್ನು ಎಣಿಸಿದರೆ ಸಾಲದು, ಅವು ಯಾವ ಕುಲಕ್ಕೆ ಸೇರಿದುವೆಂಬುದನ್ನು ವಿಚಾರಿಸಬೇಕು. ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಮೂಲವಾಗಿರುವುದು ಹೆಚ್ಚು ಸಂಭವ, ಏಕೆಂದರೆ ಲಿಪಿಕಾರನು ಕಠಿಣವಾದುದನ್ನು ಸುಲಭಮಾಡುವನೇ ಹೊರತು ಸುಲಭವನ್ನು ಕಠಿಣಮಾಡುವವನಲ್ಲ—ಈ ಸೂತ್ರಗಳನ್ನು ಪ್ರತಿಪಾದಿಸಿದವರಲ್ಲಿ ಬೆಂಗೆಲನು ಅಗ್ರಗಣ್ಯನು. ಓಲೆಗರಿಗಳಿಂದ ಕಾವ್ಯಗಳನ್ನು ಪರಿಷ್ಕರಿಸುವ ನಮ್ಮ ವಿದ್ವಾಂಸರು ಪಾಲಿಸುವ ನಿಯಮವೂ ಇದೇ ಆಗಿದೆ.

ಇಂತಹ ಎಚ್ಚರಿಕೆಯುಳ್ಳ ವಿದ್ವಾಂಸನೇ ೧೭೨೪ರಿಂದ ಪ್ರಕಟನೆಯ ಗ್ರಂಥದ ಸಂಖ್ಯೆಗಳನ್ನು ಬಿಡಿಸಲು ತೊಡಗಿದುದು ವಿಚಿತ್ರವೆನಿಸಬಹುದು. ಅಲ್ಲಿ ಮೃಗದ ಸಂಖ್ಯೆಯು ೬೬೬ ಎಂದಿದೆ. ಅದರ ಅಧಿಕಾರಾವಧಿಯು ೪೨ ತಿಂಗಳೆಂದೂ ಇದೆ. ಮೊದಲನೆಯದು ವರ್ಷಗಳ ಸಂಖ್ಯೆಯೆಂದು ಆತನು ಭಾವಿಸಿದನು. ೬೬೬ನ್ನು ೪೨ರಿಂದ ಭಾಗಿಸಲು ಒಂದು ಪ್ರವಾದನಾಮಾಸಕ್ಕೆ ಹದಿನೈದು ವರ್ಷವೂ ಒಂದು ವರ್ಷದ ಏಳರಲ್ಲಿ ಆರು ಪಾಲೂ ಆಗುವುದು. ಈ ಅಳತೆಗೋಲಿನಿಂದ ಚರಿತ್ರೆಯನ್ನೆಲ್ಲ ಅಳೆದು ಮೃಗದ ಪತನವೂ ಸಾವಿರ ವರ್ಷದ ರಾಜ್ಯದ ಆರಂಭವೂ ೧೮೩೬ನೆಯ ಜೂನ್ ೧೮ಕ್ಕೆ ಬೀಳುವುವೆಂದು ನಿರ್ಣಯಿಸಿದನು. ಪ್ರಕಟನೆಯ ಮೇಲಣ ಆತನ ವ್ಯಾಖ್ಯಾನವು ೧೭೪೦ರಲ್ಲಿ ಅಚ್ಚಾಯಿತು.

ಇಲ್ಲಿ ಎರಡು ಅಂಶಗಳನ್ನು ಮರೆಯಲಾಗದು. ಮೊದಲನೆಯದು, ಬೆಂಗೆಲನ ಲೆಕ್ಕದಲ್ಲಿ ೧೮೩೬ ಲೋಕದ ಕೊನೆಯಲ್ಲ. ಅದರ ಮುಂದೆ ಒಂದರ ಬಳಿಕ ಒಂದರಂತೆ ಎರಡು ಸಹಸ್ರವರ್ಷಗಳಿಗೆ ಆತನು ಸ್ಥಳವಿಟ್ಟಿದ್ದನು. ಭೂಮಿಯೂ ಬೆಳೆಯೂ ಮಕ್ಕಳೂ ಉಳಿಯುವರು. ಆದರೆ ಆ ದಿನಕ್ಕೆ ಮುಂಚೆ ಭಯಂಕರವಾದ ಸಂಕಟಕಾಲವು ಬರುವುದು. ಎರಡನೆಯದು, ಆ ವರ್ಷವು ಗಮನಾರ್ಹವಾದ ಬದಲಾವಣೆಯಿಲ್ಲದೆ ಕಳೆದುಹೋದರೆ ತನ್ನ ಪದ್ಧತಿಯಲ್ಲಿ ದೊಡ್ಡ ತಪ್ಪೊಂದು ಇರುವುದೆಂದೂ ಅದು ಎಲ್ಲಿದೆಯೆಂದು ಹುಡುಕಬೇಕೆಂದೂ ಆತನೇ ಬರೆದಿಟ್ಟನು. ಭವಿಷ್ಯವನ್ನು ನುಡಿದವರಲ್ಲಿ ಈ ಬಗೆಯ ಪ್ರಾಮಾಣಿಕತೆಯು ಅಪರೂಪ. ಬೆಂಗೆಲನು ೧೭೫೨ರಲ್ಲಿ ತೀರಿಕೊಂಡನು.

ಗುರುವಿನ ಸಂಖ್ಯೆಯನ್ನು ಶಿಷ್ಯರು ಬೇರೆ ಬೇರೆ ರೀತಿಯಲ್ಲಿ ಬಳಸಿದರು. ಫಿಲಿಪ್ ಮತ್ತೇಯಸ್ ಹಾನ್ (೧೭೩೯-೧೭೯೦) ಎಂಬ ಪಾದ್ರಿಯು ಗಡಿಯಾರಗಳನ್ನೂ ಗ್ರಹಗತಿಯನ್ನು ತೋರಿಸುವ ಯಂತ್ರಗಳನ್ನೂ ನಿರ್ಮಿಸಿ, ಅವುಗಳಲ್ಲಿ ಬೆಂಗೆಲನ ಕಾಲಗಣನೆಗೂ ಒಂದು ಮುಖಫಲಕವನ್ನು ಅಳವಡಿಸಿದನು. ಆತನೇ ಒಂದು ಲೆಕ್ಕದ ಯಂತ್ರವನ್ನೂ, ತೂಕದ ಬಟ್ಟುಗಳ ನೆರವಿಲ್ಲದೆ ಮುಳ್ಳಿನಿಂದಲೇ ತೂಕವನ್ನು ತೋರಿಸುವ ತಕ್ಕಡಿಯನ್ನೂ ರಚಿಸಿದನು. ಆತನು ಪಾದ್ರಿಯಾಗಿದ್ದ ಓನ್‌ಸ್ಟ್‌ಮೆಟ್ಟಿಂಗನ್ ಹಳ್ಳಿಯ ಪ್ರಾಂತದಲ್ಲಿ ತಕ್ಕಡಿಯ ಕೈಗಾರಿಕೆಯು ಬಹುಕಾಲ ಬಾಳಿತು. ಬರಲಿರುವ ರಾಜ್ಯವನ್ನು ಕಾಯುತ್ತಿದ್ದವನು ಸಂತೆಯ ತೂಕವು ಸರಿಯಾಗಿರಲೆಂದು ಶ್ರಮಪಟ್ಟುದು ಪ್ರವಾದನೆಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದಿಲ್ಲ, ಉಲ್ಲೇಖಗೊಳ್ಳಬೇಕಾದುದು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಾಲವು ವಿಷಮಿಸಿತು. ನೆಪೋಲಿಯನ್ನನ ಯುದ್ಧಗಳಿಂದ ನಾಡು ಬಳಲಿತು. ೧೮೦೯ರಲ್ಲಿ ಅರಸನಾದ ಫ್ರೀಡ್ರಿಖನು ಹೊಸ ಆರಾಧನಾಕ್ರಮವನ್ನು ಹೇರಲು ಭಕ್ತಿಪಂಥದವರು ಅದರಲ್ಲಿ ಅವಿಶ್ವಾಸದ ವಾಸನೆಯನ್ನು ಕಂಡರು. ೧೮೧೫ರಲ್ಲಿ ದೂರದ ಸುಂಬಾವಾ ದ್ವೀಪದ ತಂಬೋರಾ ಪರ್ವತವು ಅಗ್ನಿಯನ್ನು ಕಾರಿ, ಅದರ ಧೂಳಿನಿಂದ ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಇಲ್ಲವಾಯಿತು, ಬೆಳೆ ಕೆಟ್ಟಿತು, ಕ್ಷಾಮವು ಕಾಲಿಟ್ಟಿತು. ಕಾರಣವನ್ನರಿಯದ ಜನರು ಇದನ್ನು ಸಂಕಟಕಾಲದ ಲಕ್ಷಣವೆಂದು ಓದಿದರೆ ಆಶ್ಚರ್ಯವೇನು? ಭಕ್ತರಿಗೆ ಪೂರ್ವದಿಕ್ಕಿನಲ್ಲಿ ಆಶ್ರಯಸ್ಥಾನವಿರುವುದೆಂಬ ಭಾವನೆಯನ್ನು ಯುಂಗ್-ಸ್ಟಿಲ್ಲಿಂಗನ ಗ್ರಂಥಗಳು ಮೊದಲೇ ಹರಡಿದ್ದುವು. ೧೮೧೭ರಲ್ಲಿ ಸಾವಿರಾರು ಜನರು ಮನೆ ಹೊಲಗಳನ್ನು ಮಾರಿ, ಸಂಘಗಳಾಗಿ ಕೂಡಿ, ಉಲ್ಮ್ ಪಟ್ಟಣದಲ್ಲಿ ದೋಣಿಯನ್ನೇರಿ ಡಾನ್ಯೂಬ್ ನದಿಯಲ್ಲಿ ಕೆಳಕ್ಕೆ ಸಾಗಿದರು. ಇಸ್ಮಾಯಿಲ್ ಎಂಬಲ್ಲಿ ತಡೆಹಿಡಿಯಲ್ಪಟ್ಟಾಗ ಜ್ವರಾದಿ ರೋಗಗಳಿಂದ ಬಹುಮಂದಿ ಮಡಿದರು. ಉಳಿದವರಲ್ಲಿ ಅನೇಕರು ಕಾಕಸಸ್ ಸೀಮೆಗೆ ಸೇರಿ ತಿಫ್ಲಿಸ್ ನಗರದ ಸುತ್ತಮುತ್ತ ಗ್ರಾಮಗಳನ್ನು ಕಟ್ಟಿದರು. ಹೊರಟವರಲ್ಲಿ ಹಸಿವಿನಿಂದ ಹೊರಟವರೆಷ್ಟು, ನಂಬಿಕೆಯಿಂದ ಹೊರಟವರೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ಆದರೆ ಹಡೆದ ಮಕ್ಕಳನ್ನು ಆ ನದಿಯ ದಡದಲ್ಲಿ ಹೂಳಬೇಕಾದ ತಂದೆತಾಯಿಗಳಿಗೆ ಈ ಲೆಕ್ಕಾಚಾರವು ಬರಿಯ ವ್ಯಾಖ್ಯಾನದ ವಿಷಯವಾಗಿರಲಿಲ್ಲ.

ಲಿಯೋನ್‌ಬರ್ಗ್ ಪಟ್ಟಣದ ಮುಖ್ಯಾಧಿಕಾರಿಯಾಗಿದ್ದ ಗಾಟ್ಲೀಬ್ ವಿಲ್ಹೆಲ್ಮ್ ಹಾಫ್‌ಮನ್ (೧೭೭೧-೧೮೪೬) ಇದೇ ನಿರೀಕ್ಷೆಯನ್ನು ಹೊತ್ತವನು. ಆದರೂ ವಲಸೆಯನ್ನು ತಡೆಯುವ ಉಪಾಯವನ್ನು ಆತನು ೧೮೧೭ರಲ್ಲಿ ಅರಸನಾದ ವಿಲ್ಹೆಲ್ಮನಿಗೆ ಬಿನ್ನವಿಸಿದನು: ಭಕ್ತರು ತಮ್ಮ ಕ್ರಮದಂತೆ ಆರಾಧಿಸಿ ಬಾಳುವ ಗ್ರಾಮಗಳಿಗೆ ನಾಡಿನೊಳಗೇ ಅವಕಾಶವಿತ್ತರೆ ಅವರು ಹೊರಗೆ ಹೋಗಲಾರರು. ೧೮೧೯ರಲ್ಲಿ ಕೊರ್ನ್‌ತಾಲ್ ಗ್ರಾಮಕ್ಕೆ ಸನ್ನದು ದೊರೆಯಿತು. ಅಲ್ಲಿಗೆ ಮೊದಲ ಬೋಧಕನಾಗಿ ಬಂದವನು ಯೋಹಾನ್ ಯಾಕೋಬ್ ಫ್ರೀಡರಿಖ್. ೧೮೦೦ರಲ್ಲಿ ಭಕ್ತರ ಕಣ್ಣನ್ನು ಪ್ಯಾಲೆಸ್ಟೈನಿನ ಕಡೆಗೆ ತಿರುಗಿಸಿದ ಪುಸ್ತಕವನ್ನು ಬರೆದವನೂ, ಹೊಸ ಆರಾಧನಾಕ್ರಮವನ್ನು ಒಪ್ಪದೆ ಉದ್ಯೋಗವನ್ನು ಕಳೆದುಕೊಂಡವನೂ ಈತನೇ. ಪೂರ್ವಕ್ಕೆ ಹೋಗಬೇಕೆಂದವನು ಊರಿನ ಪಕ್ಕದಲ್ಲೇ ನೆಲೆಯಾದನು!

ಕೊರ್ನ್‌ತಾಲಿನವರು ಮಾಡಿದ ಕೆಲಸಗಳ ಕಾಲವನ್ನು ಗಮನಿಸಬೇಕು. ೧೮೨೩ರಲ್ಲಿ, ಅಂದರೆ ಗೊತ್ತಾದ ದಿನಕ್ಕೆ ಹದಿಮೂರು ವರ್ಷ ಮಾತ್ರ ಉಳಿದಿರುವಾಗ, ದಿಕ್ಕಿಲ್ಲದ ಮಕ್ಕಳಿಗಾಗಿ ಮನೆಯನ್ನು ತೆರೆದರು. ೧೮೨೪ರಲ್ಲಿ ಅವರ ಕೆಲವು ಕುಟುಂಬಗಳು ದಕ್ಷಿಣದ ಜೌಗುನೆಲಕ್ಕೆ ಹೋಗಿ, ಕಾಲುವೆ ತೋಡಿ ನೀರನ್ನು ಬಸಿದು ವಿಲ್ಹೆಲ್ಮ್ಸ್‌ಡಾರ್ಫ್ ಎಂಬ ಹಳ್ಳಿಯನ್ನು ಹೂಡಿದುವು. ಜೌಗನ್ನು ಗದ್ದೆಮಾಡುವುದು ಒಂದು ತಲೆಮಾರಿನ ಕೆಲಸ. ಹನ್ನೆರಡು ವರ್ಷಗಳಲ್ಲಿ ಯುಗವು ಬದಲಾಗುವುದೆಂದವರು ಅದಕ್ಕೆ ಕೈಹಾಕಿದರು. ಇದು ಅಸಂಗತವೆಂದು ಕೆಲವರು ಹೇಳಿರಬಹುದು. ಬೆಂಗೆಲನ ಲೆಕ್ಕದಂತೆ ಭೂಮಿಯು ಉಳಿಯುವುದೇ ಆದುದರಿಂದ ಅಸಂಗತಿಯೇನೂ ಇಲ್ಲ. ಯಜಮಾನನು ಬಂದಾಗ ಕೆಲಸದಲ್ಲಿ ತೊಡಗಿರುವ ಆಳಿನ ದೃಷ್ಟಾಂತವು ಸುವಾರ್ತೆಯಲ್ಲಿ ಅವರಿಗೆ ಪರಿಚಿತವಾಗಿದ್ದಿತು. ಓಡಿದವರೂ ಕಟ್ಟಿದವರೂ ಓದಿದ ವಾಕ್ಯವು ಒಂದೇ, ಎಣಿಸಿದ ವರ್ಷವೂ ಒಂದೇ. ಭೇದವಿದ್ದುದು ನೆರೆಯವನ ಕೂಸಿನ ಹೊಣೆಯು ಯಾರದೆಂಬ ತೀರ್ಮಾನದಲ್ಲಿ.

೧೮೩೬ನೆಯ ಜೂನ್ ೧೮ ಶನಿವಾರವಾಗಿದ್ದಿತು. ವಿಶೇಷವೇನೂ ನಡೆಯಲಿಲ್ಲ.

ಇಷ್ಟರಲ್ಲಿ ಇದೇ ವಾತಾವರಣದಲ್ಲಿ ಬೆಳೆದವರು ಮೂರನೆಯ ದಾರಿಯನ್ನೂ ಹಿಡಿದಿದ್ದರು. ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನಿಗೆ ವುರ್ಟೆಂಬರ್ಗಿನಿಂದ ಯುವಕರು ಸೇರುತ್ತಿದ್ದರು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ೧೮೩೪ನೆಯ ಅಕ್ಟೋಬರಿನಲ್ಲಿ ಮಂಗಳೂರನ್ನು ಮುಟ್ಟಿದರು. ಬ್ರಾಕೆನ್‌ಹೈಮಿನ ಹರ್ಮನ್ ಮೋಗ್ಲಿಂಗ್ ಬಂದುದು ೧೮೩೬ರ ಕೊನೆಯಲ್ಲಿ, ಎಂದರೆ ಆ ಜೂನ್ ತಿಂಗಳು ಸದ್ದಿಲ್ಲದೆ ಕಳೆದ ಮೇಲೆ. ಆತನು ೧೮೪೩ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ವೃತ್ತಪತ್ರಿಕೆಯೆಂಬುದು ಎಲ್ಲರಿಗೂ ತಿಳಿದಿದೆ. ಇವರು ಧಾರವಾಡ ಪ್ರಾಂತಕ್ಕೆ ಹೋದಾಗ ಅಲ್ಲಿಯ ಕಾಲಜ್ಞಾನದ ಒಕ್ಕಲಿನವರು ತಮ್ಮ ಗ್ರಂಥಗಳ ಭವಿಷ್ಯದೊಡನೆ ಇವರ ಬೋಧನೆಯನ್ನು ಹೊಂದಿಸಿ ನೋಡಿ ಹತ್ತಿರ ಬಂದರು. ಒಂದು ನಿರೀಕ್ಷೆಯ ಮಕ್ಕಳ ಎದುರಿಗೆ ಇನ್ನೊಂದು ನಿರೀಕ್ಷೆಯವರು ಬಂದು ನಿಂತಂತಾಯಿತು. ಗದಗಿನ ಬಳಿಯ ಮಲಸಮುದ್ರದಲ್ಲಿ ೧೮೪೧ರಲ್ಲಿ ಒಂದು ಒಕ್ಕಲುನೆಲೆಯು ಏರ್ಪಟ್ಟಿತು. ಬರುವರೆಂದು ಎಣಿಸಿದ ಜನಸಮೂಹವು ಬರಲಿಲ್ಲ.

ಆ ಕಾಲದಲ್ಲಿ ಬಾಸೆಲಿನಲ್ಲಿ ಮಿಶನಿನ ಮುಖ್ಯಾಧಿಕಾರಿಯಾಗಿ, ೧೮೩೯ರಿಂದ ೧೮೫೦ರ ವರೆಗೆ, ಮಂಗಳೂರು ಧಾರವಾಡಗಳ ಪತ್ರಗಳನ್ನು ಓದಿ ಉತ್ತರಿಸುತ್ತಿದ್ದವನು ವಿಲ್ಹೆಲ್ಮ್ ಹಾಫ್‌ಮನ್—ಕೊರ್ನ್‌ತಾಲನ್ನು ಕಟ್ಟಿದವನ ಹಿರಿಯ ಮಗನು. ತಮ್ಮನಾದ ಕ್ರಿಸ್ಟಾಫನು ತಂದೆಯು ತಡೆದ ದಾರಿಯನ್ನೇ ಮತ್ತೆ ಹಿಡಿದನು. ದೇವರ ಜನರು ಪವಿತ್ರಭೂಮಿಯಲ್ಲಿ ನೆರೆಯಬೇಕೆಂದು ಪ್ರವಾದಿಗಳ ಗ್ರಂಥಗಳಿಂದ ತೀರ್ಮಾನಿಸಿ ೧೮೬೧ರಲ್ಲಿ ಪ್ರತ್ಯೇಕ ಸಂಘವನ್ನು ಕಟ್ಟಿದನು. ೧೮೬೮ರಲ್ಲಿ ಹೈಫಾಕ್ಕೆ ಹೋಗಿ, ಜನರನ್ನು ಅಲ್ಲಿ ನೆಲೆಗೊಳಿಸಿದನು. ೧೮೭೩ರಲ್ಲಿ ಅಣ್ಣನು ಬರ್ಲಿನಿನಲ್ಲಿ ತೀರಿಕೊಂಡನು. ೧೮೮೫ರಲ್ಲಿ ತಮ್ಮನು, ಜೆರೂಸಲೇಮಿನ ಹೊರಗೆ ತನ್ನವರು ಕಟ್ಟಿದ ರೆಫಾಯಿಮ್ ವಸತಿಯಲ್ಲಿ.